ಕುಸುಮಳಿಗೆ ಹಲ್ವ

ನವೆಂಬರ್ 11, ಸೋಮವಾರ. ಬೆಳಿಗ್ಗೆ

ಇವತ್ತೂ ಮೊಟ್ಟೆ. ಜೊತೆಗೆ ತೊಂಡೆಕಾಯಿ ಪಲ್ಯ ಒಂದು ಬಟ್ಟಲು. ಇದಕ್ಕೆ ತಿಂಡಿ ಎನ್ನಬೇಕಂತೆ. ನೀರುದೋಸೆ ಇಲ್ಲ, ಪುಂಡಿ ಇಲ್ಲ, ಸೇಮಿಗೆ ಇಲ್ಲ, ಅವಲಕ್ಕಿಯೂ ಇಲ್ಲ. ಅಕ್ಕಿ ಮುಟ್ಟದೆ ತಿಂಡಿ ಮಾಡು ಅಂದರೆ ನಮ್ಮ ಕಡೆಯ ಹೆಂಗಸರು ಅಡುಗೆಮನೆಗೆ ಯಾಕೆ ಹೋಗಬೇಕು?

ಚಾ ಸಕ್ಕರೆ ಇಲ್ಲದ್ದು. ಅದು ಚಾ ಅಲ್ಲ, ಪಾತ್ರೆ ತೊಳೆದ ನೀರು.

ನವ್ಯಾ ನಿನ್ನೆ ಬಂಟ್ವಾಳದಿಂದ ಬಂದು ಡಬ್ಬಗಳನ್ನೆಲ್ಲ ಖಾಲಿ ಮಾಡಿ ಹೋದಳು. ಸಕ್ಕರೆ, ಬಿಸ್ಕತ್ತು, ರಸ್ಕ್, ಹಾರ್ಲಿಕ್ಸ್ ಎಲ್ಲ ಚೀಲಕ್ಕೆ ತುಂಬಿಸಿದಳು. ಹೆತ್ತ ಮಗಳು ಪೊಲೀಸಿನವರ ಹಾಗೆ ತಪಾಸಣೆ ಮಾಡುವುದನ್ನು ನೋಡುವ ಭಾಗ್ಯವೂ ಬಂತು. "ಲೋ ಕಾರ್ಬ್ ಅಮ್ಮಾ, ಲೋ ಕಾರ್ಬ್. ಡಾಕ್ಟ್ರು ಹೇಳಿದ್ದು ನೆನಪುಂಟಲ್ಲ?"

ನೆನಪಿಲ್ಲದೆ ಏನು. ಬಲಗಣ್ಣಿನ ನರ ಶುಗರಿನಿಂದ ಹಾಳಾಗಿದೆ, ಅದರ ಆಸೆ ಬಿಡಿ ಎಂದರು. ಎಡಗಣ್ಣಿಗೆ ಪೊರೆ. ಫೆಬ್ರವರಿಯೊಳಗೆ ಶುಗರ್ ಇಳಿದರೆ ಆಪರೇಶನ್. ಇಳಿಯದಿದ್ದರೆ ಆ ಕಣ್ಣೂ ಹೋಗುತ್ತದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ — ಈ ಗಾದೆ ಕಟ್ಟಿದವನಿಗೆ ಶುಗರ್ ಇರಲಿಲ್ಲ.

ಅದೇ ದಿನ. ಸಂಜೆ

ಐದಕ್ಕೆ ಇವರು ಬಂದರು. ಕೈಯಲ್ಲಿ ಪೊಟ್ಟಣ. ಗೋಧಿ ಹಲ್ವ. ಕಾಗದಕ್ಕೆಲ್ಲ ತುಪ್ಪ ಹತ್ತಿ ಆಚೆ ಬದಿ ಕಾಣುತ್ತಿತ್ತು. "ತಗೋ ಕುಸುಮ. ಬಿಸಿ ಉಂಟು."

ಇವರಿಗೆ ಮರೆವು ಶುರುವಾಗಿ ಎರಡು ವರ್ಷವಾಯಿತು. ಊಟ ಮಾಡಿದ್ದು ಮರೆಯುತ್ತಾರೆ. ಅಳಿಯನ ಹೆಸರು ಮರೆತಿದ್ದಾರೆ. ಆದರೆ ನಾಲ್ಕೂವರೆಗೆ ಅಂಗಿ ಹಾಕಿ ನಮ್ಮ ಮೂಡುಬಿದಿರೆಯ ಅಲಂಗಾರಿನ ತಿರುವಿನವರೆಗೆ ನಡೆದು, ಅಬ್ದುಲ್ ಸಲಾಮರ ಬೇಕರಿಯಿಂದ ನನಗೆ ಹಲ್ವ ತರುವುದು ಮಾತ್ರ ಒಂದು ದಿನವೂ ತಪ್ಪಿಲ್ಲ. ಗೊತ್ತಿರುವ ದಾರಿ, ನಡೆಯಲಿ ಬಿಡಿ ಎಂದು ಅವರ ಡಾಕ್ಟರೇ ಹೇಳಿದ್ದು.

ಆಮೇಲೆ ತಿನ್ನುತ್ತೇನೆ ಎಂದು ಒಳಗೆ ಇಟ್ಟೆ. ಅವರ ಮುಖ ಸಣ್ಣದಾಯಿತು.

ನವೆಂಬರ್ 15, ಶುಕ್ರವಾರ

ಪಕ್ಕದ ಮನೆಯ ಪ್ರಭಾವತಿ ಅಮ್ಮನಲ್ಲಿಗೆ ಹೋಗಿದ್ದೆ. ಕೂತ ಕೂಡಲೇ ಬೆಲ್ಲ, ನೀರು ಬಂತು. ವಾಲೆಬೆಲ್ಲದ ಕಪ್ಪು ತುಂಡು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಅದು, ಮಾತು ಆಮೇಲೆ. ಬೇಡ ಅನ್ನುವುದು ಹೇಗೆ? ಸಕ್ಕರೆ ಅಲ್ಲವಲ್ಲ, ತಾಳೆಮರದ್ದು, ತಂಪು, ಒಳ್ಳೆಯದು ಎಂದು ನಾಲಿಗೆಯೇ ವಾದ ಮಾಡಿತು. ತಿಂದೆ. ಇನ್ನೊಂದು ತುಂಡೂ ತಿಂದೆ.

ಸಂಜೆ ಬೆರಳು ಚುಚ್ಚಿ ನೋಡಿದರೆ ಮುನ್ನೂರರ ಹತ್ತಿರ. ನವ್ಯಾ ಫೋನಿನಲ್ಲಿ, "ಬೆಲ್ಲಕ್ಕೆ ನೀನು ಸಕ್ಕರೆ ಅಲ್ಲ ಅಂತ ಯಾರು ಹೇಳಿದ್ದು ಅಮ್ಮ?" ಯಾರೂ ಹೇಳಿದ್ದಲ್ಲ. ನಮ್ಮ ಅಜ್ಜಿಯಂದಿರ ಕಾಲದಿಂದ ನಾವೆಲ್ಲ ನಂಬಿದ್ದು.

ಪ್ರಭಾವತಿ ಅಮ್ಮ ಜೈನರು. ಮಂಗಳವಾರ ಸಿಹಿ ಮುಟ್ಟುವುದಿಲ್ಲ, ಮದುವೆಯಾದ ವರ್ಷದಿಂದ. ವಾರದ ಒಂದೊಂದು ದಿನ ಒಂದೊಂದು ರುಚಿ ಬಿಡುವ ಕ್ರಮವಂತೆ. ಹೇಗೆ ಆಗುತ್ತದೆ ನಿಮಗೆ ಎಂದು ಕೇಳಿದೆ.

"ಮೊದಮೊದಲು ಮಂಗಳವಾರ ಬರುವುದೇ ಬೇಡ ಅಂತ ಆಗ್ತಿತ್ತು ಕುಸುಮ. ಈಗ ಬುಧವಾರ ಆದದ್ದೇ ಗೊತ್ತಾಗುದಿಲ್ಲ."

ನನಗೆ ಏಳು ದಿನವೂ ಮಂಗಳವಾರ.

ನವೆಂಬರ್ 20, ಬುಧವಾರ

ತಲೆನೋವು. ಕೈ ನಡುಕ. ಸಿಟ್ಟು ಬರುತ್ತದೆ, ಪಾತ್ರೆಗಳ ಮೇಲೆ. ಮಧ್ಯಾಹ್ನ ಬಂಗುಡೆ ಹುರಿದು ಬಸಳೆ ಪಲ್ಯದ ಜೊತೆ ತಿಂದೆ. ಬಂಗುಡೆ ಒಳ್ಳೆಯದೇ ಇತ್ತು. ಆದರೆ ಕುಚ್ಚಲಕ್ಕಿ ಗಂಜಿ ಇಲ್ಲದ ಬಂಗುಡೆ, ವರ ಬಾರದ ಮದುವೆಮನೆ.

ಮಲಗಿದರೆ ತಿಂಡಿಗಳೇ ಕಣ್ಣ ಮುಂದೆ. ಅಮ್ಮ ಬಾಳೆಲೆಯಲ್ಲಿ ಮಡಚಿ ಬೇಯಿಸುತ್ತಿದ್ದ ಹಲಸಿನ ಹಣ್ಣಿನ ಗಟ್ಟಿ. ಎಲೆ ಬಿಚ್ಚಿದಾಗ ಬರುವ ಆ ಹಬೆ. ರಾಗಿ ಹಾಲಿಗೆ ಬೆಲ್ಲ ಹಾಕಿ ಕಾಸಿದ ಮಣ್ಣಿಯನ್ನು ತಟ್ಟೆಯಲ್ಲಿ ಹೊಯ್ದು ಆರುವವರೆಗೆ ನಾವು ಮಕ್ಕಳು ಅದರ ಸುತ್ತ ಕಾವಲು. ಅಂಚು ಮೊದಲು ಗಟ್ಟಿಯಾಗುತ್ತದೆ, ಅಂಚು ನನಗೆ ಎಂದು ಜಗಳ. ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಅವಳಿಗಾಗಿ ಅತ್ತೆನೋ, ಮಣ್ಣಿಗಾಗಿ ಅತ್ತೆನೋ, ನನಗೇ ತಿಳಿಯಲಿಲ್ಲ.

ನವೆಂಬರ್ 24, ಭಾನುವಾರ. ಮಧ್ಯಾಹ್ನ

ಇವರು ನಿನ್ನೆ ರಾತ್ರಿ ಊಟ ಬಿಟ್ಟು ಮಲಗಿದರು. ಕಾರಣ ನಾನು. ಹಲ್ವ ತಿನ್ನಲಿಲ್ಲ.

"ಕೋಪವಾ ಕುಸುಮ?"

"ಇಲ್ಲ ಮಾರಾಯ್ರೆ. ನನಗೆ ಶುಗರ್ ಉಂಟು."

"ಹೌದಾ? ಯಾವಾಗಿಂದ?"

ಇದೇ ಮಾತು ಹದಿನೈದು ದಿನದಿಂದ ನಡೆಯುತ್ತಿದೆ. ಕೇಳಿ ತಲೆ ಆಡಿಸುತ್ತಾರೆ. ಮರುದಿನ ಮತ್ತೆ ಪೊಟ್ಟಣ, ಮತ್ತೆ ಕೋಪವಾ ಕುಸುಮ.

ತಪ್ಪು ಅವರದ್ದಲ್ಲ. ನಮ್ಮ ಸಂಸಾರದ ಕ್ರಮವೇ ಹಾಗೆ ಇತ್ತು. ಜಗಳವಾದರೆ ಕ್ಷಮೆ ಗಿಮೆ ಇಲ್ಲ. ಇವರು ಬಸ್ಸಿನ ಟ್ರಿಪ್ ಮುಗಿಸಿ ಬಂದು ಹಲ್ವದ ಪೊಟ್ಟಣವನ್ನು ಕಡೆಯುವ ಕಲ್ಲಿನ ಮೇಲೆ ಇಡುವುದು. ನಾನು ತಿಂದರೆ ಜಗಳ ಮುಗಿಯಿತು. ತಿನ್ನದಿದ್ದರೆ ನಾಳೆಗೆ ಉಂಟು. ಒಮ್ಮೆ ಮೂರು ದಿನ ತಿನ್ನದೆ ಪೊಟ್ಟಣಕ್ಕೆ ಇರುವೆ ಸಾಲು ಬಂದಿತ್ತು. ಈಗ ನಾನು ಒಂದೇ ಸಮ ತಿನ್ನದಿದ್ದರೆ ಅವರ ಲೆಕ್ಕದಲ್ಲಿ ಒಂದೇ ಸಮ ಜಗಳ. ಯಾವ ಜಗಳ ಎಂದು ನೆನಪಾಗದೆ ಒದ್ದಾಡುತ್ತಾರೆ. ನೋಡಲಿಕ್ಕೆ ಆಗುವುದಿಲ್ಲ.

ಅದೇ ದಿನ. ಸಂಜೆ

ಹಲ್ವದ ಕಥೆ ಬರೆದಿಡಬೇಕು. ಇವರಂತೂ ಮರೆಯುತ್ತಾರೆ, ನಾಳೆ ನಾನೂ ಮರೆತರೆ...

ಇವರು ಆಗ ಬಸ್ ಕಂಡಕ್ಟರ್. ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಕಕ್ಕಿಂಜೆವರೆಗೆ. ನಾನು ವೇಣೂರಿನಲ್ಲಿ ಹತ್ತಿ ಬೆಳ್ತಂಗಡಿಗೆ ಹೊಲಿಗೆ ಕ್ಲಾಸಿಗೆ ಹೋಗುವವಳು. ಬಸ್ಸು ಹತ್ತಿದರೆ ನನಗೆ ವಾಂತಿ. ಇವರು ಬಸ್ ನಿಲ್ಲಿಸುವುದು, ನಾನು ಇಳಿಯುವುದು, ಜನ ಎಲ್ಲ ಕಿಟಕಿಯಿಂದ ನೋಡುವುದು. ಒಂದು ದಿನ ಟಿಕೆಟಿನ ಜೊತೆ ಪೆಪ್ಪರ್‌ಮೆಂಟ್ ಕೊಟ್ಟರು. ವಾಂತಿ ಬರಲಿಲ್ಲ. ಪೆಪ್ಪರ್‌ಮೆಂಟ್ ಹೋಗಿ ಒಂದು ದಿನ ಹಲ್ವ ಬಂತು, ಕಕ್ಕಿಂಜೆಯ ಅಂಗಡಿಯದ್ದು. ಹಲ್ವ ತಿಂದು ಬಸ್ಸಿನಲ್ಲಿ ಕೂತರೆ ವಾಂತಿ ಬಂದೇ ಬರಬೇಕು. ಅವತ್ತು ಬರಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು. ವಾಂತಿಯಿಂದ ಶುರುವಾದ ಮದುವೆ ಎಂದು ನನ್ನ ಅಕ್ಕಂದಿರು ಇವತ್ತಿಗೂ ನಗುತ್ತಾರೆ.

ನವೆಂಬರ್ 27, ಬುಧವಾರ

ಬೇಕರಿಗೆ ಹೋದೆ. ಇವರಿಗೆ ಹಲ್ವ ಮುಗಿದಿದೆ ಎಂದು ಹೇಳಿ, ಬದಲಿಗೆ ಹುರಿದ ನೆಲಗಡಲೆ ಕಟ್ಟಿಕೊಡಿ ಎಂದೆ.

ಸಲಾಮಣ್ಣ ಚಾಕು ಕೆಳಗಿಟ್ಟರು. "ಕುಸುಮಕ್ಕ, ಅವರು ಬಂದು ಗಾಜಿನ ಹತ್ರ ನಿಂತು ಅದನ್ನೇ ನೋಡ್ತಾರೆ. ಎದುರಿಗೆ ಇಟ್ಟುಕೊಂಡು ಇಲ್ಲ ಅಂತ ಹೇಗೆ ಹೇಳುದು?"

"ಒಳಗೆ ಇಡಿ. ನನ್ನ ಕಣ್ಣಿನ ಪ್ರಶ್ನೆ ಸಲಾಮಣ್ಣ."

ಕಣ್ಣು ಎಂದ ಮೇಲೆ ಅವರು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು. ಹೋಗುವಾಗ ಅದರ ಪರಿಮಳ... ಬೇಗ ಬೇಗ ಮನೆಗೆ ಬಂದೆ.

ನವೆಂಬರ್ 30, ಶನಿವಾರ

ನೆಲಗಡಲೆ ಬರುತ್ತಿದೆ. ಇವರ ಎದುರೇ ತಿನ್ನುತ್ತೇನೆ. ಶುಗರ್ ಇಳಿಯುತ್ತಿದೆ. ನವ್ಯಾ ಹೊಗಳಿದಳು. ಎಷ್ಟು ಜಾಣೆ ನಾನು ಎಂದು ನನಗೂ ಅನಿಸಿತು.

ಇವರು ಮಾತ್ರ ಪೊಟ್ಟಣ ಬಿಚ್ಚಿ ನೋಡಿ, "ಇದು ಅದಲ್ಲ" ಎಂದರು. ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದರು.

ಡಿಸೆಂಬರ್ 7, ಶನಿವಾರ

ಬರೆಯಲು ಕೈ ಬಂದಿರಲಿಲ್ಲ.

ಬುಧವಾರ ನಾಲ್ಕೂವರೆಗೆ ಹೋದವರು ಐದಕ್ಕೆ ಬರಲಿಲ್ಲ. ಐದೂವರೆ... ಆರು. ಬೇಕರಿಗೆ ಓಡಿದೆ. "ಹಲ್ವ ಬಂತಾ ಕೇಳಿದ್ರು. ಇಲ್ಲ ಅಂದೆ. ಸರಿ ಅಂತ ಹೋದ್ರು" ಎಂದರು ಸಲಾಮಣ್ಣ. ಅಂಗಡಿ ಬಾಗಿಲು ಎಳೆದು ಸ್ಕೂಟರಿನಲ್ಲಿ ಒಂದೊಂದು ರಸ್ತೆ ಹುಡುಕಿದರು. ನವ್ಯಾ ಬಂಟ್ವಾಳದಿಂದ ಹೊರಟಳು. ನಾನು ಗೇಟಿನ ಹತ್ತಿರ ನಿಂತೆ. ಈ ಕಣ್ಣಿಗೆ ದೂರದಿಂದ ಬರುವವರೆಲ್ಲ ಅವರೇ, ಹತ್ತಿರ ಬಂದರೆ ಯಾರೂ ಅವರಲ್ಲ.

ಏಳು ದಾಟಿದ ಮೇಲೆ ಫೋನ್ ಬಂತು. ಕಕ್ಕಿಂಜೆಯಿಂದ. ಬಸ್ ಕಂಡಕ್ಟರ್ ಅಝೀಮ್ ಎಂಬವರು. "ನಿಮ್ಮ ಯಜಮಾನ್ರು ಇಲ್ಲಿದ್ದಾರೆ ಅಮ್ಮ. ಟಿಕೆಟ್ ಕೇಳಿದ್ರೆ ಸ್ಟಾಫ್ ಅಂದ್ರು. ಮುಂದಿನ ಬಾಗಿಲಲ್ಲಿ ನಿಂತು ಎಲ್ಲರನ್ನೂ ಹತ್ತಿಸಿ ಇಳಿಸಿ ಮಾಡಿದ್ರು, ಹಳೇ ಸ್ಟಾಫೇ ಇರ್ಬೇಕು ಅಂತ ನಾನೂ ಬಿಟ್ಟೆ. ಇಲ್ಲಿ ಇಳಿದು ಒಂದು ಮೊಬೈಲ್ ಅಂಗಡಿಯಲ್ಲಿ ಹಲ್ವ ಕೇಳ್ತಾ ನಿಂತಿದ್ದಾರೆ." ಇವರ ಅಂಗಿಯ ಕಿಸೆಯಲ್ಲಿ ನವ್ಯಾ ಇಟ್ಟಿದ್ದ ಚೀಟಿಯಲ್ಲಿ ನಂಬರ್ ಇತ್ತು.

ನವ್ಯಾ ಹೋಗಿ ಕರೆತಂದಳು. ಒಂದು ಕಾಲಿನ ಚಪ್ಪಲಿ ಇಲ್ಲ. ಕೈಯಲ್ಲಿ ಯಾವುದೋ ಹೋಟೆಲಿನ ಲಾಡು, ಪುಡಿಪುಡಿಯಾದದ್ದು. "ಮೂಡುಬಿದಿರೆಯಲ್ಲಿ ಹಲ್ವ ಮುಗಿದಿದೆ ಕುಸುಮ. ಅಲ್ಲಿವರೆಗೆ ಹೋಗಬೇಕಾಯ್ತು. ಅಲ್ಲಿಯೂ ಇಲ್ಲ."

ತಿಂದೆ. ನವ್ಯಾ ನೋಡುತ್ತಿರುವಾಗಲೇ, ಪೂರ್ತಿ. ಇವರು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ಊಟಕ್ಕೆ ಕೂತರು. ತುಂಬಾ ದಿನವಾಗಿತ್ತು ಹಾಗೆ ನೆಮ್ಮದಿಯಿಂದ ಊಟ ಮಾಡಿ.

ಅಂಗಡಿಯವರ ಬಾಯಿ ಕಟ್ಟಿಸಿದ್ದು ನಾನು. ದಾರಿ ತಪ್ಪಿದ್ದು ಇವರಲ್ಲ.

ಡಿಸೆಂಬರ್ 8, ಭಾನುವಾರ

ಬೆಳಿಗ್ಗೆ ನವ್ಯಾ ಮೆಲ್ಲ ಮಾತು ತೆಗೆದಳು. "ಪಪ್ಪನನ್ನು ಒಂದು ಆಶ್ರಮಕ್ಕೆ ಸೇರಿಸುವ ಅಮ್ಮ. ಚೆನ್ನಾಗಿ ನೋಡ್ತಾರಂತೆ."

"ನಾನು ಸತ್ತ ಮೇಲೆ ಸೇರಿಸು."

"ಸಾಯುದು ಬೇಡ, ಕಣ್ಣು ಹೋದ್ರೆ ಸಾಕಲ್ಲ? ನಿನ್ನನ್ನೇ ಕೈಹಿಡಿದು ನಡೆಸ್ಬೇಕು, ನೀನು ಅವರನ್ನು ಎಲ್ಲಿ ಹಿಡಿಯುದು?"

ಅವಳು ಅಳುತ್ತಿದ್ದಳು. ಕಲ್ಲು ಮನಸ್ಸಿನ ಮಗಳಲ್ಲ ಅವಳು. ಸೊಸೈಟಿ ಕೆಲಸ, ಎರಡು ಮಕ್ಕಳು, ಅತ್ತೆ. ಕೊನೆಗೆ ಒಪ್ಪಂದವಾಯಿತು. ಫೆಬ್ರವರಿಯಲ್ಲಿ ಶುಗರ್ ಇಳಿದು ಕಣ್ಣು ಸರಿಯಾದರೆ ಇವರು ಇಲ್ಲೇ. ಇಲ್ಲದಿದ್ದರೆ ಅವಳು ಹೇಳಿದಲ್ಲಿಗೆ.

ಅಂದರೆ ನಾನು ಹಲ್ವ ತಿಂದರೆ ಇವರನ್ನು ಕಳಿಸಬೇಕು. ತಿನ್ನದಿದ್ದರೆ ಇವರೇ ಬಸ್ಸು ಹತ್ತಿ ಹೋಗುತ್ತಾರೆ.

ಡಿಸೆಂಬರ್ 10, ಮಂಗಳವಾರ

ಸಲಾಮಣ್ಣ ನನ್ನನ್ನು ನೋಡಿದ ಕೂಡಲೇ ಹಲ್ವದ ತಟ್ಟೆ ಗಾಜಿನ ಹಿಂದೆ ತಂದಿಟ್ಟರು. "ನನ್ನಿಂದ ಇನ್ನು ಆ ಸುಳ್ಳು ಆಗುದಿಲ್ಲ ಕುಸುಮಕ್ಕ. ಬೇರೆ ಎಂತಾದ್ರೂ ಮಾಡುವ."

ಬೇರೆ ಅವರೇ ಹುಡುಕಿದರು. ಉಗುರಿನಷ್ಟು ತುಂಡು ಕತ್ತರಿಸಿ, ಮೊದಲು ಬೆಣ್ಣೆ ಕಾಗದ, ಅದರ ಮೇಲೆ ಪೇಪರ್, ಅದರ ಮೇಲೆ ಇನ್ನೊಂದು ಪೇಪರ್. ಪೊಟ್ಟಣ ಮೊದಲಿನಷ್ಟೇ ದಪ್ಪ. ಸಂಜೆ ಇವರು ತಂದುಕೊಟ್ಟರು. ಒಂದೊಂದೇ ಕಾಗದ ಬಿಚ್ಚಿ, ಆ ಉಗುರಿನಷ್ಟನ್ನು ನಾಲಿಗೆಯ ಮೇಲೆ ಇಟ್ಟು ಜಗಿಯದೆ ಕೂತೆ. ಕರಗಲು ತುಂಬಾ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ಇವರು ಪಕ್ಕದಲ್ಲೇ ಕೂತಿದ್ದರು. ಮೊದಲೆಲ್ಲ ಗಬಗಬ ತಿಂದು ಎದ್ದು ಹೋಗುತ್ತಿದ್ದೆನಲ್ಲ, ಇವರು ಹೀಗೆ ಕೂರುತ್ತಾರೆಂದು ನೋಡಿಯೇ ಇರಲಿಲ್ಲ.

ಜನವರಿ 5, ಭಾನುವಾರ

ಬಂಟ್ವಾಳದಲ್ಲಿ ಮದುವೆ. ಕೋರಿ ರೊಟ್ಟಿಯಲ್ಲಿ ರೊಟ್ಟಿ ಬಿಟ್ಟು ಕೋಳಿ ಮಾತ್ರ ತಿಂದೆ. ಪಾಯಸ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಪಕ್ಕದಲ್ಲಿದ್ದ ನನ್ನ ಚಿಕ್ಕಮ್ಮ, "ಎಂತ ಕುಸುಮ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ?" ಎಂದರು. ನನ್ನ ಹೆಸರಿಗೆ ಅಷ್ಟು ಖ್ಯಾತಿ ಉಂಟು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಡಿಸುವವನ ಬಕೆಟ್ ದೂರ ಹೋಗುವವರೆಗೆ ಮೂಗು ಮಾತ್ರ ಅದರ ಹಿಂದೆ ಹೋಯಿತು.

ಇವರು ನವ್ಯಾಳಿಗೆ ಕೈ ಮುಗಿದು, "ನೀವು ಹುಡುಗನ ಕಡೆಯವರಾ?" ಎಂದು ಕೇಳಿದರು. ಅವಳು ಹೌದು ಅಂದಳು. ಆಮೇಲೆ ಕೈ ತೊಳೆಯುವಲ್ಲಿ ತುಂಬಾ ಹೊತ್ತು ನಿಂತಿದ್ದಳು.

ಜನವರಿ 19, ಭಾನುವಾರ

ವಿಚಿತ್ರ. ತೆಂಗಿನಕಾಯಿ ತುರಿಯುವಾಗ ಒಂದು ಚೂರು ಬಾಯಿಗೆ ಹಾಕಿದರೆ ಸಿಹಿ! ಈರುಳ್ಳಿ ಹುರಿದರೆ ಸಿಹಿ. ಹಾಲಂತೂ ಪಾಯಸ. ಅರವತ್ತು ದಾಟಿದ ಮೇಲೆ ನಾಲಿಗೆಗೆ ಬುದ್ಧಿ ಬಂತು. ಅಮ್ಮ ಇದ್ದಿದ್ದರೆ ಫೋನ್ ಮಾಡಿ ಹೇಳಬೇಕಿತ್ತು.

ಚಾ ಮಾತ್ರ ಇನ್ನೂ ಪಾತ್ರೆ ತೊಳೆದ ನೀರೇ.

ಫೆಬ್ರವರಿ 12, ಬುಧವಾರ

ರಿಪೋರ್ಟ್ ಬಂತು. ಶುಗರಿನ ಮೂರು ತಿಂಗಳ ಸರಾಸರಿ ಹನ್ನೊಂದು ಪರ್ಸೆಂಟ್ ಇದ್ದದ್ದು ಏಳು ಚಿಲ್ಲರೆ. ಡಾಕ್ಟರು ಎರಡು ಸಲ ಓದಿ, "ಒಳ್ಳೆದಾಯ್ತು, ಮುಂದಿನ ವಾರ ಆಪರೇಶನ್ ಮಾಡುವ" ಎಂದರು. ನವ್ಯಾ ಆಸ್ಪತ್ರೆಯ ಮೆಟ್ಟಿಲಲ್ಲೇ ಅಪ್ಪಿಕೊಂಡಳು. ಆಶ್ರಮದ ಮಾತು ಇನ್ನು ಎತ್ತುವುದಿಲ್ಲ ಎಂದಳು.

ಗೆದ್ದೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಚಿಕ್ಕದು ಕಾಣುವುದೂ ಇಲ್ಲವಲ್ಲ.

ಫೆಬ್ರವರಿ 27, ಗುರುವಾರ. ಸಂಜೆ

ಆಪರೇಶನ್ ಆಗಿ ವಾರವಾಯಿತು. ಕಪ್ಪು ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ. ಗೆರೆ ಕಾಣುತ್ತದೆ. ಹಿಂದಿನ ಪುಟಗಳನ್ನು ನೋಡಿದರೆ ಅಕ್ಷರಗಳೆಲ್ಲ ಗೆರೆ ಬಿಟ್ಟು ಬೆಟ್ಟ ಹತ್ತಿವೆ.

ಈ ವಾರವಿಡೀ ಇವರನ್ನೇ ನೋಡಿದೆ. ಎಷ್ಟು ಮುದುಕರಾಗಿದ್ದಾರೆ! ಕುತ್ತಿಗೆಯ ಚರ್ಮ, ಗಡ್ಡದ ಬಿಳಿ, ಒಂದು ಗುಂಡಿ ತಪ್ಪಿ ಹಾಕಿದ ಅಂಗಿ. ನನ್ನ ಮಂಜು ಕಣ್ಣು ಅವರನ್ನು ಚೆಂದಕ್ಕೆ ಇಟ್ಟಿತ್ತು.

ನವ್ಯಾ ಇಲ್ಲೇ ಇದ್ದಳು. ಇವರು ಸಂಜೆಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದರು. ಮನೆಯಲ್ಲಿ ಜನ ಇದ್ದಾರೆಂದು ಸಂಕೋಚ ಇರಬೇಕು ಎಂದುಕೊಂಡಿದ್ದೆ. ಬೆಳಿಗ್ಗೆ ಅವಳು ಬಂಟ್ವಾಳಕ್ಕೆ ಹೋದಳು.

ಐದಕ್ಕೆ ಬಂದರು. ಜಗಲಿಯಲ್ಲಿ ನಾನೊಬ್ಬಳೇ. ಪೊಟ್ಟಣ ಹಿಡಿದು ಮೆಟ್ಟಿಲ ಹತ್ತಿರ ನಿಂತರು.

"ಕುಸುಮ ಇಲ್ವಾ?"

ಕನ್ನಡಕದಿಂದ ಹೀಗೆ ಎಂದುಕೊಂಡೆ. ತೆಗೆದೆ. ಬಿಸಿಲು ಚುಚ್ಚಿತು. "ನಾನೇ ಮಾರಾಯ್ರೆ. ನೋಡಿ."

ನೋಡಿದರು. ತುಂಬಾ ಮರ್ಯಾದೆಯಿಂದ ನೋಡಿದರು. "ಅವಳು ಬಂದ ಮೇಲೆ ಇದನ್ನು ಕೊಡ್ತೀರಾ? ಹಲ್ವ. ಅವಳಿಗೆ ಹಲ್ವ ಅಂದ್ರೆ ಆಯ್ತು."

ತಿಂದರೆ ಗುರುತು ಸಿಗುತ್ತದೆ ಎಂದು ಹೊಳೆಯಿತು. ಒಂದೊಂದೇ ಕಾಗದ ಬಿಚ್ಚಿದೆ. ಉಗುರಿನಷ್ಟು ಯಾಕೆ, ಇಡೀ ತಟ್ಟೆ ಇದ್ದರೂ ಆಗ ತಿನ್ನುತ್ತಿದ್ದೆ. ತುಂಡು ಬಾಯಿಯ ಹತ್ತಿರ ಬಂದಾಗ ಇವರು ನನ್ನ ಕೈ ಹಿಡಿದರು.

"ನೀವು ತಿನ್ನಬೇಡಿ. ಅದು ಅವಳಿಗೆ ತಂದದ್ದು."

ಮೂರು ತಿಂಗಳು ಈ ಕೈಯನ್ನು ತಡೆಯಲು ನಾನು ಎಷ್ಟು ಒದ್ದಾಡಿದೆ, ದೇವರಿಗೇ ಗೊತ್ತು. ಇವರು ಒಂದೇ ಮಾತಿನಲ್ಲಿ ತಡೆದರು. ನಗು ಬಂತು. ಅಳು ಅದರ ಹಿಂದೆಯೇ ಬಂತು. ಕಣ್ಣಿಗೆ ನೀರು ತಾಗಬಾರದು ಎಂದಿದ್ದಾರೆ ಡಾಕ್ಟರು.

ಇವರು ಪೊಟ್ಟಣವನ್ನು ಮೊದಲಿನ ಹಾಗೇ ಮಡಚಿ, ನನ್ನ ಪಕ್ಕ ಸ್ವಲ್ಪ ಜಾಗ ಬಿಟ್ಟು ಕೂತರು. ಪರಿಚಯವಿಲ್ಲದ ಹೆಂಗಸಿನ ಹತ್ತಿರ ಕೂರುವ ಹಾಗೆ. ಇಬ್ಬರೂ ಕುಸುಮಳನ್ನು ಕಾದೆವು. ಅವರಾಗಿಯೇ ಮಾತು ತೆಗೆದರು.

"ವೇಣೂರಿನಲ್ಲಿ ಹತ್ತುದು ಅವಳು. ಅವಳಿಗೆ ಬಸ್ಸು ಆಗುದಿಲ್ಲ. ಮುಂದಿನ ಕಿಟಕಿ ಸೀಟಿಗೆ ನಾನು ಮೂಡುಬಿದಿರೆಯಿಂದಲೇ ಚೀಲ ಇಟ್ಟುಕೊಂಡು ಬರ್ತೇನೆ. ಯಾರಾದ್ರೂ ಕೂರ್ಲಿಕ್ಕೆ ಬಂದ್ರೆ ಸೀಟು ಮುರಿದಿದೆ ಅಂತೇನೆ. ನೀವು ಅವಳಿಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ಆ ಸೀಟು ದಿನಾ ಖಾಲಿ ಸಿಗುವುದು ನನ್ನ ಅದೃಷ್ಟ ಎಂದು ಇಷ್ಟು ವರ್ಷ ನಂಬಿದ್ದೆ.

ಈಗ ಒಳಗೆ ಹೋಗಿದ್ದಾರೆ. ಪೊಟ್ಟಣ ಅಲ್ಲೇ ಬೆಂಚಿನ ಮೇಲೆ ಉಂಟು. ತಿನ್ನುವ ಆಸೆ ಒಂದಿಷ್ಟೂ ಇಲ್ಲ. ಅವಳು ಬಂದರೆ ಅವಳಿಗೆ ಕೊಡಬೇಕು, ಅಷ್ಟೇ.

ಕರೆಯುತ್ತಿದ್ದಾರೆ. "ಕುಸುಮಾ..." ಇನ್ನೊಮ್ಮೆ. ನನ್ನನ್ನೋ, ಅವಳನ್ನೋ. ಯಾರನ್ನಾದರೂ ಇರಲಿ, ಓ ಎನ್ನಲು ಈ ಮನೆಯಲ್ಲಿ ಇರುವುದು ನಾನೊಬ್ಬಳೇ. ಹೋಗಿ ಬರುತ್ತೇನೆ.